ಮಗಳ ಚೌಕದಲ್ಲಿ ಕೂತ ತಾಯಿ

ನಾನು ಒಂದು ಯೀಸ್ಟ್ ಕಣ. ಸತ್ತು ಆರು ದಿನವಾಯಿತು. ಹೆದರಬೇಡಿ, ಕಚ್ಚುವುದಕ್ಕೆ ನನಗೆ ಬಾಯೇ ಇಲ್ಲ.

ಬೇಕರಿಯ ಬನ್ ಉಬ್ಬಿಸುವ ಕುಲದವಳು ನಾನು, ಆದರೆ ಬನ್ನಿನ ಮುಖ ಕಂಡವಳಲ್ಲ. ಧಾರವಾಡದ ಒಂದು ಪ್ರಯೋಗಾಲಯದ ತಟ್ಟೆಯಲ್ಲಿ, ತಾಯಿಯ ಪಕ್ಕೆಯಲ್ಲಿ ಗುಳ್ಳೆಯಾಗಿ ಎದ್ದೆ, ಬೆಳೆದೆ, ಕಳಚಿಕೊಂಡೆ. ನಮ್ಮಲ್ಲಿ ಹೆರಿಗೆ ಅಂದರೆ ಇಷ್ಟೇ. ಹೆತ್ತಾಗಲೆಲ್ಲ ತಾಯಿಯ ಮೈಮೇಲೆ ಉಂಗುರದಂಥ ಒಂದು ಗಾಯ ಉಳಿಯುತ್ತದೆ. ಅದು ಎಂದಿಗೂ ಮಾಯುವುದಿಲ್ಲ.

ನನ್ನೊಳಗೆ ಉದ್ದುದ್ದ ದಾರಗಳಿವೆ. ಅವಕ್ಕೆ ಕ್ರೋಮೋಸೋಮ್ ಅನ್ನುತ್ತಾರೆ. ಸಿಕ್ಕುಬೀಳದಿರಲೆಂದು ಅವನ್ನು ಹಿಸ್ಟೋನ್ ಎಂಬ ಪುಟ್ಟ ಉಂಡೆಗಳಿಗೆ ಸುತ್ತಿಡಲಾಗಿದೆ. ಉಂಡೆ ಕಟ್ಟಲು ಎರಡು ಜೋಡಿ ಹಿಸ್ಟೋನ್ ಸಮಸಮ ಬೇಕು. ಒಂದು ಹೆಚ್ಚಿ ಇನ್ನೊಂದು ಕಡಿಮೆಯಾದರೆ ಸುತ್ತು ಕೆಟ್ಟಿತೆಂದೇ ಲೆಕ್ಕ. ನಮ್ಮ ವಂಶದಲ್ಲಿ ಅದನ್ನು ಬೇಕೆಂದೇ ಕೆಡಿಸಿದವಳು ಮುಬೀನಾ, ಪಿಎಚ್.ಡಿ. ಮಾಡುತ್ತಿರುವ ಹುಡುಗಿ. ಒಂದು ಜೋಡಿ ಕಡಿಮೆ ತಯಾರಾಗುವಂತೆ ನನ್ನ ಮುತ್ತಜ್ಜಿಯನ್ನೇ ತಿದ್ದಿದ್ದಳು. ಏನಾಗುತ್ತದೋ ನೋಡಬೇಕಂತೆ! ನೋಡಲಿಕ್ಕೆ ಸುಲಭವಾಗಲೆಂದು ಒಂದು ಗುರುತಿನ ದಾರವನ್ನೂ ಒಳಗಿಟ್ಟಿದ್ದಳು. ಅದು ಒಂದಿದ್ದವಳ ಸಂತಾನ ಬೆಳೆದು ರಾಶಿಯಾದಾಗ ಗುಲಾಬಿ, ಎರಡಿದ್ದವಳದು ಬಿಳಿ, ಇಲ್ಲದವಳದು ಕೆಂಪು.

ಅವಳ ಗೈಡ್ ಕುಲಗೋಡ ಸರ್ ಒಂದು ದಿನ ಕಡ್ಡಿ ಮುರಿದಂತೆ ಹೇಳಿದರು: "ದಾರ ಕಳೀತದ ಅಂತ ಗೊತ್ತಾತು. ಹೋಗ್ತದ ಎಲ್ಲಿಗೆ? ಒಂದ ತಾಯೀನ ಹಿಡದು ನೋಡಿ ಹೇಳು. ಅಲ್ಲೀತನಕ ಥೀಸಿಸ್ ಮಾತು ಬ್ಯಾಡ."

ಆರಿಸಿಕೊಂಡದ್ದು ನನ್ನನ್ನು, ಗುರುತಿನ ದಾರ ಒಂದೇ ಇದ್ದವಳನ್ನು. ಸೂಕ್ಷ್ಮದರ್ಶಕದ ಕೆಳಗೆ ನಾನು ಹೆರುವುದು, ಅವಳು ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ ಮಗಳನ್ನು ಎತ್ತಿ ತಟ್ಟೆಯಲ್ಲೇ ಪಕ್ಕದ, ಅವಳ ಹೆಸರಿನ ಚೌಕಕ್ಕೆ ಸಾಗಿಸುವುದು. ಸಣ್ಣವಳು ಮಗಳು, ದೊಡ್ಡವಳು ತಾಯಿ: ಅವಳಿಗಿದ್ದ ಗುರುತು ಇದೊಂದೇ. ಎದ್ದು ಹೋಗುವಾಗ ತಟ್ಟೆಯನ್ನು ಫ್ರಿಜ್ಜಿನಲ್ಲಿಡುತ್ತಿದ್ದಳು. ಚಳಿಗೆ ನಾವು ಇದ್ದ ಹಾಗೇ ನಿಂತುಬಿಡುತ್ತಿದ್ದೆವು. ಹೀಗೆ ಎಂಟು ಹೆಣ್ಣುಮಕ್ಕಳನ್ನು ಹೆತ್ತೆ. ಒಂದೊಂದರ ಮುಖ ನೋಡುವಷ್ಟರಲ್ಲಿ ಸೂಜಿ ಇಳಿಯುತ್ತಿತ್ತು.

ಒಂಬತ್ತನೆಯ ಸಲ ಒಳಗೆ ಏನೋ ಎಡವಟ್ಟಾಯಿತು. ಪ್ರತಿ ಹೆರಿಗೆಗೆ ಮುನ್ನ ಎರಡಾಗುವ ಗುರುತಿನ ದಾರದಲ್ಲಿ ಒಂದು ನನಗೆ, ಒಂದು ಮಗಳಿಗೆ ಹೋಗಬೇಕು. ಸುತ್ತು ಕೆಟ್ಟಿದ್ದಲ್ಲಿ ಎಳೆಯುವ ಹಗ್ಗಕ್ಕೆ ಹಿಡಿತ ಸಿಗಲಿಲ್ಲ. ಎರಡೂ ನನ್ನ ಕಡೆಗೇ ಜಾರಿದವು. ಅಯ್ಯೋ, ತಗೋ ಮಗಳೇ ಅನ್ನುವಷ್ಟರಲ್ಲಿ ನಡುವಿನ ಗೋಡೆ ಮುಚ್ಚಿಕೊಂಡಿತು. ಆಮೇಲೆ ನನ್ನೊಳಗೆ ಇನ್ನೊಬ್ಬಳು ಸುಮ್ಮನೆ ಕೂತು ನನ್ನನ್ನೇ ನೋಡುತ್ತಿದ್ದಾಳೆ ಅನ್ನಿಸತೊಡಗಿತು.

ಅಷ್ಟರಲ್ಲಿ ಕುಲಗೋಡ ಸರ್ ಕರೆದರು. ಮುಬೀನಾ ಗಡಬಡಿಸಿ ಎದ್ದು ಹೋದಳು, ಫ್ರಿಜ್ಜು ಮರೆತಳು. ದೀಪದ ಬಿಸಿಯಲ್ಲಿ ನನ್ನ ಮಗಳು ಬೆಳೆದೇ ಬೆಳೆದಳು. ಮುಬೀನಾ ಬಂದು ಇಣುಕಿದಾಗ ನಾವಿಬ್ಬರೂ ಒಂದೇ ಗಾತ್ರದವರಾಗಿ ಅಕ್ಕಪಕ್ಕ ಕೂತಿದ್ದೆವು.

"ಯಾ ಅಲ್ಲಾ! ಇವರಾಗ ತಾಯಿ ಯಾವಾಕಿ?"

ನಾನು, ನಾನು ಎಂದು ಕೂಗಿಕೊಂಡೆ. ಯಾರಿಗೆ ಕೇಳಬೇಕು! ಸೂಜಿ ಅತ್ತಿತ್ತ ಓಲಾಡಿ ನನ್ನ ಮೈಗೇ ಅಂಟಿತು. ಮಗಳ ಚೌಕದಲ್ಲಿ ನನ್ನನ್ನು ಕೂರಿಸಿದಳು.

ಇನ್ನು ಮಗಳ ಹೆಸರಿನಲ್ಲಿ ನಾನು ಬಿಳಿ ಸಂತಾನ ಬೆಳೆಸುತ್ತೇನೆ, ನನ್ನ ಹೆಸರಿನಲ್ಲಿ ಅವಳು ಕೆಂಪು ಸಂತಾನ ಬೆಳೆಸುತ್ತಾಳೆ. ತಾಯಿಯದನ್ನು ಮಗಳು ದೋಚಿದಳು ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಹುಟ್ಟಿ ಎರಡು ತಾಸಾಗದ ಕೂಸಿನ ತಲೆಗೆ ಕಳ್ಳತನ! ಆ ಸಂಕಟದಲ್ಲೇ ಹತ್ತನೆಯವಳನ್ನು ಹೆತ್ತೆ. ಆ ರಾತ್ರಿ ಮಾತ್ರ ತಟ್ಟೆ ಮರೆಯದೆ ಫ್ರಿಜ್ಜು ಸೇರಿತು.

ಮರುದಿನ ಬೆಳಿಗ್ಗೆ ಮುಬೀನಾ ಬಾಯಿಬಿಟ್ಟಳು. "ಸರ್, ನಿನ್ನೆ ನಾ ಅದಲಿ ಬದಲಿ ಮಾಡೇನೋ ಏನೋ. ಖಾತ್ರಿ ಇಲ್ಲ."

"ಬಣ್ಣ ಹಚ್ಚಿ ಗಾಯ ಎಣಿಸು," ಅಂದರು ಅವರು. "ಆದ್ರ ಬಣ್ಣಕ್ಕ ಇಳಿದಾಕಿ ತಿರುಗಿ ತಟ್ಟಿಗೆ ಬರಂಗಿಲ್ಲ, ನೋಡ್ಕೋ."

ಹತ್ತನೆಯವಳನ್ನು ಚೌಕದಲ್ಲೇ ಬಿಟ್ಟು ನನ್ನೊಬ್ಬಳನ್ನು ಎತ್ತಿ ಗಾಜಿನ ಪಟ್ಟಿಯ ಮೇಲೆ, ಗಾಯಕ್ಕೆ ಅಂಟುವ ಬಣ್ಣದ ಹನಿಯಲ್ಲಿ ಮುಳುಗಿಸಿದಳು. ಕೋಣೆಯ ದೀಪ ಆರಿಸಿ ಸೂಕ್ಷ್ಮದರ್ಶಕದ ನೇರಳೆ ಬೆಳಕು ಹಾಕಿದಳು. ಕತ್ತಲಲ್ಲಿ ನನ್ನ ಗಾಯಗಳು ಒಂದೊಂದಾಗಿ ನೀಲಿಯಾಗಿ ಹೊತ್ತಿಕೊಂಡವು.

"ಒಂದ... ಎರಡ... ಆರ... ಒಂಬತ್ತ... ಹತ್ತ." ಅವಳು ಸರ್ ಕಡೆ ತಿರುಗಿದಳು. "ಸರ್, ನಿನ್ನೆ ಹುಟ್ಟಿದ ಮಗಳಿಗೆ ಹತ್ತ ಹೆರಿಗಿ! ಇಕಿ ತಾಯಿ ಸರ್, ಇಕೀನ ತಾಯಿ!"

ಆಮೇಲೆ ಪಟ್ಟಿಯ ಅಂಚಿಗೆ ನೇಲ್ ಪಾಲಿಶ್ ಹಚ್ಚಿ ನನ್ನನ್ನು ಮುಚ್ಚಿದಳು. ಈಗ ಮರದ ಪೆಟ್ಟಿಗೆಯ ಸಂದಿಯಲ್ಲಿ ನಿಂತಿದ್ದೇನೆ. ನಿನ್ನೆ ತಟ್ಟೆ ನೋಡಿದರಂತೆ. ನನ್ನ ಹತ್ತನೆಯವಳ ಸಂತಾನ ಹಾಲಿನಂತೆ ಬಿಳಿ. ಒಂಬತ್ತನೆಯವಳದು ಕೆಂಪು. ಬದುಕಿದ್ದಾಳಲ್ಲ, ಅಷ್ಟು ಸಾಕು. ಮುಬೀನಾ ಹಳೆಯದನ್ನು ಹೊಡೆದುಹಾಕಿ ಹೊಸದಾಗಿ ಬರೆಯುತ್ತ ಹೇಳಿದ್ದು ಪೆಟ್ಟಿಗೆಯೊಳಗೂ ಕೇಳಿಸಿತು: "ಕಳದಿಲ್ಲ ಸರ್. ತಾಯೀನ ಇಟ್ಕೊಂಡಾಳ."

ಮಗಳು ಕಳ್ಳಿಯಲ್ಲ ಎಂದು ಸಾಬೀತಾಯಿತು. ನನಗೆ ಬೇಕಾಗಿದ್ದೂ ಅದೇ. ಆದರೆ ಅವಳ ದಾರ ಇನ್ನೂ ನನ್ನೊಳಗಿದೆ. ಸತ್ತವಳ ಹೊಟ್ಟೆಯಲ್ಲಿ ಆಗಾಗ ಮಿಸುಕಿದಂತಾಗುತ್ತದೆ. ತಗೋ ಮಗಳೇ ಅನ್ನುತ್ತೇನೆ, ದಿನಾ ಅನ್ನುತ್ತೇನೆ. ಕೊಡುವುದಕ್ಕೆ ಕೈಯಿಲ್ಲ.