ಕರುಪ್ಪಾಯಿಯ ಕಿವಿ

ಕರುಪ್ಪಾಯಿ ತನ್ನ ಮದುವೆಯ ಸುದ್ದಿ ಹೇಳಿದ್ದು ಒಂದು ಭಾನುವಾರ ಮಧ್ಯಾಹ್ನ, ಯಾಳ್ ವಾದ್ಯದ ಬಿರಡೆ ತಿರುಗಿಸುತ್ತಾ. ತಲೆ ಕೂಡ ಎತ್ತಲಿಲ್ಲ.

"ಬರೋ ತಿಂಗಳು ನಂಗೆ ಕಲ್ಯಾಣ. ಓಡೈಪಟ್ಟಿ ಅಯ್ಯಾವು ಅವ್ರ ಕೂಡೆ. ಆಮೇಲೆ ಅಲ್ಲೇ ಇರ್ತೀನಿ."

ತಮಿಳು ಸೀಮೆಯ ವೇದಸಂದೂರಿನಲ್ಲಿ ಮಾದವನ್ ಅವರ ಮರಗೆಲಸದ ಅಂಗಡಿ. ಅದರ ಮಹಡಿಯಲ್ಲಿ ವಾರಕ್ಕೊಮ್ಮೆ ಸೇರುವವರು ಐದೇ ಜನ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಕಲೈಸೆಲ್ವಿ, ಇದು ತಮಾಷೆ ಇರಬೇಕೆಂದು ಮೊದಲು ನಕ್ಕಳು. ಮೊಬೈಲ್ ರಿಪೇರಿಯ ಲೋಗೇಶ್ ಮತ್ತು ಹಾಡುವ ಅಭಿರಾಮಿ ಟೀಚರ್ ಮುಖ ಮುಖ ನೋಡಿಕೊಂಡರು. ಮಾದವನ್ ಮಾತ್ರ ಥಟ್ಟನೆ ಕೇಳಿಬಿಟ್ಟರು:

"ಅಕ್ಕಾ, ಹಂಗಾದ್ರೆ ಯಾಳಿಗೆ ಶ್ರುತಿ ಸೇರ್ಸೋರು ಯಾರು?"

ಕೇಳಿದ ಮೇಲೆ ನಾಚಿಕೆಯಾಗಿ ನಾಲಿಗೆ ಕಚ್ಚಿಕೊಂಡರು. ಐವತ್ತೆಂಟು ವರ್ಷದ ಹೆಂಗಸು, ಗಂಡ ಸತ್ತು ಹನ್ನೆರಡು ವರ್ಷವಾದ ಮೇಲೆ, ಮದುವೆ ಅನ್ನುತ್ತಿದ್ದಾಳೆ. ಮೊದಲು ಕೇಳಬೇಕಾದ್ದು ಇದಲ್ಲ. ಆದರೆ ಕರುಪ್ಪಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನ್ ಮಗಳೂ ಇಂಗೇ ಕಣ್ ತಮ್ಮಾ. ಸುದ್ದಿ ಹೇಳಿದ್ರೆ, ಅಮ್ಮಾ, ನಿನ್ನ ಮಿಕ್ಸಿ ನಂಗೇ ತಾನೇ ಅಂದ್ಳು."

ಯಾಳ್ ಅಂದರೆ ದೋಣಿಯ ಹಾಗೆ ಬಾಗಿದ, ಹದಿನಾಲ್ಕು ತಂತಿಯ ಬಹಳ ಹಳೆಯ ಕಾಲದ ವಾದ್ಯ. ನುಡಿಸುವವರು ಇಲ್ಲದೆ ಎಷ್ಟೋ ನೂರು ವರ್ಷ ಅದು ಬರೀ ಹೆಸರಾಗಿ ಉಳಿದಿತ್ತು. ಮಾದವನ್ ದೇವಸ್ಥಾನದ ಕಲ್ಲುಕಂಬಗಳ ಕೆತ್ತನೆ ನೋಡಿ, ಹಲಸಿನ ಮರದಲ್ಲಿ ಅದನ್ನು ಕಡೆದರು. ಮೊದಲೆರಡು ಸೀಳಿಹೋದವು. ಮೂರನೆಯದು ನಿಂತಿತು. ಆದರೆ ಅದರಲ್ಲಿ ಏನು ನುಡಿಸಿದರೂ ಪಾತ್ರೆ ಉರುಳಿದ ಹಾಗೆ ಕೇಳುತ್ತಿತ್ತು.

ಆ ಸಮಯಕ್ಕೆ ಕರುಪ್ಪಾಯಿ ಒಂದು ಮಂಚ ಮಾಡಿಸಲು ಅಂಗಡಿಗೆ ಬಂದಳು. ಮೇಲಿನಿಂದ ಬರುತ್ತಿದ್ದ ಸದ್ದಿಗೆ ಸ್ವಲ್ಪ ಹೊತ್ತು ಕಿವಿಗೊಟ್ಟು, "ಆ ಐದನೇದು ಅಳ್ತೈತಲ್ಲಾ" ಅಂದಳು. ಮೆಟ್ಟಿಲು ಹತ್ತಿ, ಯಾರ ಅಪ್ಪಣೆಯನ್ನೂ ಕೇಳದೆ ಬಿರಡೆ ಹಿಡಿದಳು. ಒಂದು ಗಂಟೆಯ ಮೇಲೆ ಮಾದವನ್ ತಂತಿ ಮೀಟಿದಾಗ ಕೋಣೆಯ ಗಾಳಿಯೇ ಬೇರೆಯಾದ ಹಾಗಿತ್ತು. ಮಂಚದ ವಿಷಯ ಇಬ್ಬರಿಗೂ ಮರೆತೇ ಹೋಯಿತು.

ಅವಳು ಸಂಗೀತ ಕಲಿತವಳಲ್ಲ. ನೂಲಿನ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ದುಡಿದವಳು. ಸಾವಿರಾರು ಕದಿರುಗಳು ಒಟ್ಟಿಗೆ ತಿರುಗುವ ಆ ಗದ್ದಲದಲ್ಲಿ, ಕೆಡಲಿರುವ ಕದಿರು ಯಾವುದೆಂದು ಮೇಸ್ತ್ರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಕಿವಿ ಹಾಳಾಗದಿರಲೆಂದು ದಿನಾ ಹತ್ತಿ ತುರುಕಿಕೊಂಡು ಹೋಗುತ್ತಿದ್ದಳಂತೆ. "ಮಿಲ್ಲಲ್ಲಿ ಇನ್ನೇನಿಲ್ದಿದ್ರೂ ಹತ್ತಿಗೇನ್ ಬರ" ಅನ್ನುತ್ತಿದ್ದಳು.

ಹಾಗೆ ಗುಂಪು ಕೂಡಿತು. ಹಳೆಯ ದೇವಸ್ಥಾನದ ಹಾಡುಗಳನ್ನೂ, ತಮ್ಮ ಮನೆಗಳಲ್ಲಿ ಅಜ್ಜಿಯರು ಕನ್ನಡದಲ್ಲಿ ಹೇಳುತ್ತಿದ್ದ ದನ ಕರೆಯುವ, ಹೊಳೆ ದಾಟುವ ಹಾಡುಗಳನ್ನೂ ಯಾಳಿಗೆ ಕೂಡಿಸಿದರು. ಅಂಥದ್ದೊಂದು ಹಾಡು ಹುಡುಕಿಕೊಂಡೇ ಹೋದ ವರ್ಷ ಓಡೈಪಟ್ಟಿಗೆ ಹೋಗಿದ್ದು. ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಅಯ್ಯಾವು ಕಣ್ಣು ಮುಚ್ಚಿ ಹಾಡಿದರು. ಅರುವತ್ತೆರಡರ ಗಂಡಸು, ಹೆಂಡತಿ ಹೋಗಿ ಎಂಟು ವರ್ಷ. ಹಾಡು ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕರುಪ್ಪಾಯಿ ತಟ್ಟಲಿಲ್ಲ.

"ಎರಡನೇ ಸಾಲಲ್ಲಿ ಜಾರಿಬಿಟ್ರಿ."

ಅಯ್ಯಾವು ಕಣ್ಣು ತೆರೆದು ನೋಡಿದರು. "ಮೂವತ್ತು ವರ್ಷದಿಂದ ಇಂಗೇ ಹಾಡ್ತಿವ್ನಿ. ಒಬ್ರೂ ಹೇಳ್ಲಿಲ್ವಲ್ಲಾ ತಾಯೀ!"

"ಕೇಳಿದ್ರೆ ತಾನೇ ಹೇಳೋಕೆ."

ಮುಂದಿನ ವಾರ ಅವರು ಎರಡನೇ ಸಾಲು ತಿದ್ದಿಕೊಂಡಿದ್ದೇನೆಂದು ಹಾಡಿ ತೋರಿಸಲು ಬಸ್ಸು ಹತ್ತಿ ವೇದಸಂದೂರಿಗೇ ಬಂದರು. ಅದರ ಮುಂದಿನ ವಾರವೂ ಬಂದರು. ಆಮೇಲೆ ಹಾಡಿನ ನೆಪವನ್ನೂ ಹೇಳಲಿಲ್ಲ.

ಕರುಪ್ಪಾಯಿಗೆ ಒಳ್ಳೆಯ ಬೀಳ್ಕೊಡುಗೆ ಕೊಡಬೇಕೆಂದು ನಾಲ್ವರೂ ತೀರ್ಮಾನಿಸಿದರು. ಇಷ್ಟು ವರ್ಷ ಅವಳು ಯಾಳಿನ ಹಿಂದೆ ಕೂತೇ ಹಾಡು ಕೇಳಿದ್ದಳು, ಒಂದು ಕೈ ಬಿರಡೆಯ ಮೇಲೆ. ಒಂದು ದಿನವಾದರೂ ಮುಂದಿನ ಕುರ್ಚಿಯಲ್ಲಿ ಕೂತು ಕೇಳಲಿ. ಶ್ರುತಿ ಸೇರಿಸುವ ಕೆಲಸ ಕಲೈಸೆಲ್ವಿಗೆ ಬಿತ್ತು. ಅವಳು ಹೆದರಿ ಬಿಳಿಚಿಕೊಂಡಿದ್ದನ್ನು ನೋಡಿ ಲೋಗೇಶ್ ತನ್ನ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟ. ತಂತಿ ಮೀಟಿದರೆ, ಸರಿಯಾಗಿದ್ದಾಗ ಹಸಿರು ದೀಪ ಬೆಳಗುತ್ತದೆ. "ಕಿವಿಯೇ ಬೇಡ ಕಲೈ, ಕಣ್ಣಿದ್ರೆ ಸಾಕು" ಅಂದ.

ಮದುವೆಗೆ ಮುಂಚಿನ ಭಾನುವಾರ ಬೆಳಿಗ್ಗೆ ಅಂಗಡಿಯ ಹಲಗೆಗಳನ್ನೆಲ್ಲ ಗೋಡೆಗೆ ಒರಗಿಸಿ, ಜಮಖಾನೆ ಹಾಸಿದರು. ಐವತ್ತು ಜನ ಸೇರಿದ್ದರು. ಅರ್ಧಕ್ಕರ್ಧ ಮಿಲ್ಲಿನ ಹೆಂಗಸರೇ. ನಿಲಕ್ಕೋಟ್ಟೈ ಮಲ್ಲಿಗೆಯ ದಂಡೆ ತಂದು ಕರುಪ್ಪಾಯಿಯ ಜಡೆ ಕಾಣದಷ್ಟು ಮುಡಿಸಿದರು. ಮಗಳು, ಅಳಿಯ, ಅಯ್ಯಾವು ಅವಳ ಪಕ್ಕದಲ್ಲೇ ಕೂತರು.

ಮೊದಲು ಮಾದವನ್ ಯಾಳ್ ಒಂದನ್ನೇ ನುಡಿಸಿದ್ದರಿಂದ ಏನೂ ತೋರಲಿಲ್ಲ. ಎರಡನೆಯದಕ್ಕೆ ಅಭಿರಾಮಿ ಟೀಚರ್ ದನಿ ಕೂಡಿಸಿದಾಗ ಎಡವಟ್ಟಾಯಿತು. ಹಾಡು ಒಂದು ಕಡೆ ಹೋದರೆ ತಂತಿ ಇನ್ನೊಂದು ಕಡೆ ಎಳೆಯುತ್ತಿತ್ತು. ಟೀಚರ್ ಏರಿಸಿ ನೋಡಿದರು, ಇಳಿಸಿ ನೋಡಿದರು. ಕರುಪ್ಪಾಯಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಹುಳಿ ತಿಂದವಳ ಹಾಗಿತ್ತು ಮುಖ.

ಕಲೈಸೆಲ್ವಿ ಹಾಡು ನಿಲ್ಲಿಸಲು ಹೇಳಿ, ಫೋನು ಹಿಡಿದು ಒಂದೊಂದೇ ತಂತಿ ಮೀಟಿದಳು. ಹಸಿರು, ಹಸಿರು, ಎಲ್ಲವೂ ಹಸಿರು. ಆ ಫೋನಿಗೆ ಗೊತ್ತಿದ್ದ ಸ್ವರಗಳೇ ಬೇರೆ. ಈ ಹಳೆಯ ಹಾಡುಗಳು ನಿಲ್ಲುವ ಜಾಗವೇ ಬೇರೆ. ಅಭ್ಯಾಸ ಮಾಡುವಾಗಲೇ ಅವಳಿಗೆ ಯಾಕೋ ಸರಿಯಿಲ್ಲ ಅನ್ನಿಸಿತ್ತು. ದೀಪವನ್ನು ನಂಬಿ ಸುಮ್ಮನಾಗಿದ್ದಳು. ಈಗ ಅಳು ಬರುವ ಹಾಗಾಗಿ ಮುಂದಿನ ಕುರ್ಚಿಯ ಕಡೆ ನೋಡಿದಳು. "ಅಕ್ಕಾ..."

"ಏಳು ಕರುಪ್ಪಾಯೀ, ಒಸಿ ಸರಿ ಮಾಡ್ಕೊಡು!" ಮಿಲ್ಲಿನ ಹೆಂಗಸರು ಕೂಗಿದರು.

ಕರುಪ್ಪಾಯಿ ಎದ್ದಳು. ಎಲ್ಲರೂ ದಾರಿ ಬಿಟ್ಟರು. ಅವಳು ಯಾಳಿನ ಹತ್ತಿರ ಹೋಗಲಿಲ್ಲ. ತಿರುಗಿ, ಬಾಗಿಲು ದಾಟಿ, ಚಪ್ಪಲಿ ಮೆಟ್ಟಿಕೊಂಡು ರಸ್ತೆಗಿಳಿದು ಎದುರಿನ ಟೀ ಅಂಗಡಿಗೆ ಹೊರಟೇಹೋದಳು.

ಕೋಪ ಬಂತೆಂದು ಎಲ್ಲರೂ ಗಾಬರಿಯಾದರು. ಅಯ್ಯಾವು ಹಿಂದೆಯೇ ಓಡಿದರು. ಅವಳು ಬೆಂಚಿನ ಮೇಲೆ ಅಂಗಡಿಗೆ ಬೆನ್ನು ಹಾಕಿ ಕೂತಿದ್ದಳು.

"ಏನಾಯ್ತು? ಪಾಪ, ಆ ಹುಡ್ಗಿ ಒಂಟಿಯಾಗಿ ನಿಂತೈತೆ."

"ನಾನಲ್ಲಿ ಇದ್ರೆ ಅವ್ಳು ನನ್ ಮೊಕ ನೋಡ್ತಾಳೆ, ತಂತಿ ಕೇಳಲ್ಲ." ಆಮೇಲೆ ಸಣ್ಣ ದನಿಯಲ್ಲಿ ಅಂದಳು: "ಇನ್ನೊಂದು ಹೇಳ್ತೀನಿ, ನಗಬಾರ್ದು. ಕೆಟ್ಟೋದಾಗ ಒಳಗೊಳಗೇ ಒಸಿ ಸಂತೋಸ ಆಯ್ತು. ನಾನಿಲ್ದೆ ಆಗಲ್ಲ ಅಂತ. ಅದ್ಕೇ ಎದ್ ಬಂದೆ."

ಅಯ್ಯಾವು ನಗಲಿಲ್ಲ. ಪಕ್ಕದಲ್ಲಿ ಕೂತು ಎರಡು ಟೀ ಹೇಳಿದರು.

ಒಳಗೆ ಕಲೈಸೆಲ್ವಿ ಸ್ವಲ್ಪ ಹೊತ್ತು ಖಾಲಿ ಕುರ್ಚಿಯನ್ನೇ ನೋಡಿದಳು. ಆಮೇಲೆ ಫೋನನ್ನು ಲೋಗೇಶನ ಕೈಗೆ ಕೊಟ್ಟು, ಫ್ಯಾನ್ ಆರಿಸಲು ಹೇಳಿದಳು. ಹೆಂಗಸರು ಮಾತು ನಿಲ್ಲಿಸಿದರು. ಅವಳು ನೆಲದ ಮೇಲೆ ಕೂತು ಯಾಳಿಗೆ ಕೆನ್ನೆ ಒತ್ತಿ, "ಟೀಚರ್, ನಿಮಗೆ ಸುಲಭವಾದ ಕಡೆಯಿಂದ ಒಂದ್ಸಲ ಹಾಡಿ" ಅಂದಳು. ಅವರು ಹಾಡಿದರು. ಅವಳು ಒಂದು ತಂತಿ ಇಳಿಸಿದಳು. ಮತ್ತೆ ಹಾಡಿಸಿದಳು. ಹದಿನಾಲ್ಕು ತಂತಿಗೆ ಅರ್ಧ ಗಂಟೆ ಹಿಡಿಯಿತು. ಸೆಕೆಯಲ್ಲಿ ಐವತ್ತು ಜನ ಬೆವರುತ್ತಾ ಕೂತಿದ್ದರೂ ಒಬ್ಬರೂ ಎದ್ದು ಹೋಗಲಿಲ್ಲ, ಹನ್ನೊಂದನೇ ತಂತಿ ಕೂಡಿದಾಗ ಹಿಂದಿನ ಸಾಲಿನಲ್ಲಿ ಯಾರೋ "ಆಂ, ಅದೇ!" ಎಂದು ಉಸಿರು ಬಿಟ್ಟರು.

ಹಾಡು ಶುರುವಾದಾಗ ಕರುಪ್ಪಾಯಿಯ ಕೈಯಲ್ಲಿನ ಟೀ ಲೋಟ ಅಲ್ಲೇ ನಿಂತಿತು. ಅವಳ ಕಣ್ಣು ತುಂಬಿ, ಮೂಗು ಕೆಂಪಾಯಿತು. ಮರುಕ್ಷಣವೇ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಬನ್ನಿ, ಬನ್ನಿ, ಮುಗ್ದೋಗ್ತೈತೆ!" ಎಂದು ಅಯ್ಯಾವು ಅವರ ತೋಳು ಹಿಡಿದೆಳೆದುಕೊಂಡು, ಹಾರನ್ ಹೊಡೆಯುತ್ತಿದ್ದ ಮಿನಿ ಬಸ್ಸಿನ ಮುಂದೆಯೇ ರಸ್ತೆ ದಾಟಿದಳು.

ಉಳಿದ ಏಳು ಹಾಡುಗಳನ್ನೂ ಮುಂದಿನ ಕುರ್ಚಿಯಲ್ಲೇ ಕೂತು ಕೇಳಿದಳು. ಕೊನೆಯದನ್ನು ಅಯ್ಯಾವು ಹಾಡಿದರು. ಎರಡನೇ ಸಾಲು ಬರುವಾಗ ಮಿಲ್ಲಿನ ಹೆಂಗಸರೆಲ್ಲ ಕರುಪ್ಪಾಯಿಯ ಮುಖವನ್ನೇ ನೋಡುತ್ತಿದ್ದರು. ಅವಳು ತಲೆಯಾಡಿಸಿದಳು. ಅಂಗಡಿಯಲ್ಲಿ ಎದ್ದ ಗಲಾಟೆಗೆ ಬೀದಿಯ ನಾಯಿಗಳು ಬೊಗಳಿದವು.

ಊಟಕ್ಕೆ ಎಲೆ ಹಾಕುವಾಗ ಅವಳು ಕಲೈಸೆಲ್ವಿಯನ್ನು ಪಕ್ಕಕ್ಕೆ ಕರೆದಳು. "ಎಲ್ಲಾ ತಂತೀನೂ ಮಾಮೂಲಿಗಿಂತ ಒಸಿ ಕೆಳಗಿತ್ತಲ್ಲಾ ಕಣ್ಣೂ, ಯಾಕೆ?"

"ಬೇಕೂಂತಲೇ ಇಳಿಸಿದೆ ಅಕ್ಕಾ. ಟೀಚರ್‌ಗೆ ಎರಡು ದಿನದಿಂದ ಗಂಟಲು ಕಟ್ಟಿತ್ತು. ಮೇಲಕ್ಕೆ ಏರ್ತಿರ್ಲಿಲ್ಲ."

 ಇಷ್ಟು ವರ್ಷವೂ ಕರುಪ್ಪಾಯಿ ತಂತಿಯನ್ನು ತಂತಿಗೆ ಸೇರಿಸಿದ್ದಳು. ಹಾಡುವವರ ಗಂಟಲಿಗೆ ಸೇರಿಸಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. "ಟೀಚರ್ ಎಷ್ಟೋ ದಿನ ಕಷ್ಟ ಪಟ್ಟವ್ರೆ ಅನ್ನು. ನಂಗೊಂದ್ ಮಾತು ಹೇಳ್ಬಾರ್ದಾಗಿತ್ತಾ?"

"ನಿಮಗೆ ಹೇಳೋಕೆ ಯಾರಿಗೆ ಧೈರ್ಯ ಅಕ್ಕಾ?" ಅಂದಳು ಕಲೈಸೆಲ್ವಿ. ಇಬ್ಬರೂ ನಕ್ಕ ಸದ್ದಿಗೆ ಬಡಿಸುವವರು ಸಾಂಬಾರಿನ ಬಕೆಟ್ಟು ಹಿಡಿದುಕೊಂಡೇ ತಿರುಗಿ ನೋಡಿದರು.

ಹೊರಡುವ ಹೊತ್ತಿಗೆ ಮಾದವನ್ ಬಟ್ಟೆ ಸುತ್ತಿದ ಒಂದು ಉಡುಗೊರೆ ತಂದರು. ಬಿಚ್ಚಿ ನೋಡಿದರೆ ಏಳು ತಂತಿಯ ಪುಟ್ಟ ಯಾಳ್. ಬಿರಡೆಗಳಿದ್ದವು, ತಂತಿಗಳಿರಲಿಲ್ಲ.

"ನಾವು ಕಟ್ಟಿದ್ರೆ ಬಯ್ತೀರಿ. ನೀವೇ ಕಟ್ಕೊಳ್ಳಿ" ಅಂದರು.

"ಬಯ್ಯದೆ ಬಿಡ್ತಿದ್ನಾ?" ಅಂದಳು ಕರುಪ್ಪಾಯಿ. ಅದನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು, ಮಗಳ ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಮದುವೆಗೆ ಇನ್ನು ನಾಲ್ಕು ದಿನ, ಓಡೈಪಟ್ಟಿಯ ಹತ್ತಿರದ ಕಂಬಂನಲ್ಲಿ. ಎಲ್ಲರೂ ಬರುವವರೇ ಆದ್ದರಿಂದ ಯಾರೂ ಅಳಲಿಲ್ಲ. ಕಾರು ಹೊರಟಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಅವಳು ಏನೋ ಕೂಗಿದಳು. ಲಾರಿಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಎಲ್ಲರೂ ಆಗಲಿ ಆಗಲಿ ಎಂದು ಕೈ ಬೀಸಿದರು.