ಮಲ್ಲಿಗಮ್ಮನ ಕೋವಿಯ ಸ್ಕ್ರೂ

ಕಟ್ಟಾಯದ ಮಲ್ಲಿಗಮ್ಮ ಹಾಸನದಲ್ಲಿ ಬಸ್ಸಿಳಿದಾಗ ಅವಳ ಹೆಗಲ ಮೇಲೆ ಗೋಣಿತಾಟು ಸುತ್ತಿದ ಉದ್ದನೆಯದೊಂದು ಗಂಟಿತ್ತು. ಕಂಡವರು ಹಾರೆಯೋ ಪಿಕಾಸಿಯೋ ಅಂದುಕೊಂಡರು. ಅದು ಕೋವಿ. ಮಹಾಯುದ್ಧ ಮುಗಿದ ಮೇಲೆ ಊರು ಸೇರಿದ ಮಿಲಿಟರಿ ರೈಫಲ್ಲು. ಅವಳ ಮಾವ ಅದರ ನಳಿಗೆಯನ್ನು ಒಳಗಿಂದ ನುಣುಪು ಮಾಡಿಸಿ, ಚರೆ ಹಾರಿಸುವ ಬೆಳೆಗಾವಲಿನ ಕೋವಿಯೆಂದು ಸರ್ಕಾರದ ಪುಸ್ತಕಕ್ಕೆ ಹತ್ತಿಸಿದ್ದ. ಮಾವ ಹೋದ, ಹೋದ ವರ್ಷ ಗಂಡನೂ ಹೋದ. ಈಗ ಲೈಸೆನ್ಸು ಅವಳ ಹೆಸರಿಗೆ ಆಗಬೇಕಿತ್ತು. ಶುಕ್ರವಾರ ತಪಾಸಣೆ. ಕೋವಿ ಸುಸ್ಥಿತಿಯಲ್ಲಿಲ್ಲ ಎಂದು ಬರೆದುಬಿಟ್ಟರೆ ಅದು ಠಾಣೆಯ ಬೀರು ಸೇರುತ್ತದೆ, ಮತ್ತೆ ಮನೆಯ ಹೊಸಿಲು ಕಾಣುವುದಿಲ್ಲ. ಅತ್ತ ಹೊಲದಲ್ಲಿ ಆಲೂಗೆಡ್ಡೆ ಬಲಿಯುತ್ತಿತ್ತು, ಹಂದಿಗಳಿಗೆ ಅದರ ವಾಸನೆ ಹತ್ತಿತ್ತು.

ಅದು ತೊಂಬತ್ತೇಳರ ಜುಲೈ, ಬುಧವಾರ. ಕೋವಿ ರಿಪೇರಿಗೆ ಲೈಸೆನ್ಸಿದ್ದ ತಿರುನಾರಾಯಣ ಆಗಷ್ಟೇ ಅಂಗಡಿಯ ಬಾಗಿಲು ತೆಗೆದಿದ್ದ. ಅವನು ಹೊಳೆನರಸೀಪುರದ ದೇವಸ್ಥಾನದ ಬೀದಿಯವನು. ಅಪ್ಪ, ದೊಡ್ಡಪ್ಪ, ಅಣ್ಣ ಎಲ್ಲರೂ ಗಂಟೆ ಹಿಡಿದರೆ ಇವನೊಬ್ಬ ಸೈನ್ಯ ಸೇರಿ, ಹದಿನೇಳು ವರ್ಷ ಬಂದೂಕು ಬಿಚ್ಚಿ ಜೋಡಿಸಿ ಬಂದಿದ್ದ.

“ಅಯ್ನೋರೆ, ಮಂಗ್ಳಾರ್ತಿ ಎತ್ತೋ ಕೈಲಿ ಕೋವಿ ಬಿಚ್ತೀರಂತೆ, ದಿಟವಾ?”

“ಮಂಗಳಾರತಿ ಎತ್ತೋಕೆ ನಮ್ಮಣ್ಣ ಇದಾನಮ್ಮ. ನೀವು ಮೊದಲು ಗಂಟು ಬಿಚ್ಚಿ.”

ಮಲ್ಲಿಗಮ್ಮ ಠಾಣೆಯಿಂದ ಬರೆಸಿ ತಂದ ಚೀಟಿ ಕೊಟ್ಟು ಗಂಟು ಬಿಚ್ಚಿದಳು. ತಿರುನಾರಾಯಣ ಕೋವಿಯನ್ನು ಮಗುಚಿ ನೋಡಿದ. ಬೆರಳಲ್ಲಿ ಎಳೆಯುವ ಕುದುರೆಯ ಸುತ್ತಲಿನ ಕಬ್ಬಿಣದ ಪಟ್ಟಿಯನ್ನೂ ಮರವನ್ನೂ ಸೇರಿಸಿ ಒಡಲಿಗೆ ಬಿಗಿಯುವ ಸ್ಕ್ರೂ ಇರಬೇಕಾದಲ್ಲಿ ಒಂದು ದಪ್ಪ ಬೋಲ್ಟು ಕೂತಿತ್ತು. ಬೆರಳಲ್ಲಿ ಮುಟ್ಟಿದರೆ ಸಾಕು, ಗಿರಗಿರ ಸುತ್ತುತ್ತಿತ್ತು.

“ಇದು ಯಾರ ಕೈಚಳಕ?”

“ನಮ್ಮ ಕುಮಾರಂದು. ನಮ್ಮಣ್ಣನ ಮಗ. ಚನ್ರಾಯಪಟ್ಣದಾಗೆ ಟ್ರ್ಯಾಕ್ಟ್ರು ರಿಪೇರಿ ಮಾಡ್ತಾನೆ.”

“ಅದಕ್ಕೇ ಟ್ರ್ಯಾಕ್ಟರ್ ಬೋಲ್ಟನ್ನೇ ಹಾಕಿ ಸ್ಪಾನರಲ್ಲಿ ತಿರುವಿದಾನೆ. ತೂತಿನೊಳಗೆ ಸ್ಕ್ರೂ ಕಚ್ಚೋ ತ್ರೆಡ್ಡೆಲ್ಲ ಸುಲಿದು ಹೋಗಿದೆ.”

“ಅವ್ನ ಕೈಗುಣವೇ ಅಂಗೆ ಕಣಿ. ನಮ್ಮನೆ ಮಿಕ್ಸಿ ಮುಟ್ದ, ಅವತ್ತಿಂದ ನಾನು ಒಳ್ಕಲ್ಲೇ ತಿರುವ್ತಾ ಇವ್ನಿ.”

ತಿರುನಾರಾಯಣನಿಗೆ ಉಪಾಯ ಗೊತ್ತಿತ್ತು. ಕೆಟ್ಟ ತೂತನ್ನು ತುಸು ದೊಡ್ಡದು ಮಾಡಿ, ಕೊಳವೆಯಂಥ ಉಕ್ಕಿನ ಸಣ್ಣ ಬುಶ್ ಕೂರಿಸಿ, ಅದರೊಳಗೆ ಹೊಸದಾಗಿ ತ್ರೆಡ್ಡು ಕೊರೆಯುವುದು. ಆದರೆ ಯಾವ ತ್ರೆಡ್ಡು? ಆ ಕಾಲದ ಬ್ರಿಟಿಷರ ರೈಫಲ್ಲಿನ ತ್ರೆಡ್ಡಿಗೆ ಅದರದೇ ಅಳತೆ. ಪೇಟೆಯ ಹಾರ್ಡ್‌ವೇರ್ ಅಂಗಡಿಯ ಯಾವ ಸ್ಕ್ರೂವೂ ಅದರ ನೆಂಟನಲ್ಲ. ಗುಜರಿಯಲ್ಲಿ ಹೆಕ್ಕಿಟ್ಟಿದ್ದ ಸ್ಕ್ರೂಗಳ ಡಬ್ಬಿಯನ್ನು ಮೇಜಿನ ಮೇಲೆ ಸುರಿದ. ಒಂದರ ತಲೆ ಪಟ್ಟಿಯ ಹಳ್ಳದಲ್ಲಿ ಕೂರದೆ ಕಾಳಿನಂತೆ ಎದ್ದು ನಿಂತಿತು. ಇನ್ನೊಂದು ಗಿಡ್ಡ. ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಖಾಲಿಯಾಗಿ, ಅವನ ಮುಖ ಸಪ್ಪಗಾಯಿತು.

“ಮೊದಲಿದ್ದ ಸ್ಕ್ರೂ ಏನಾಯ್ತಮ್ಮ?”

ಮಲ್ಲಿಗಮ್ಮ ತುಸು ನಾಚಿ ಸೆರಗಿನ ಗಂಟು ಬಿಚ್ಚಿದಳು. “ಇಲ್ಲೈತೆ. ಸವ್ದೋಗೈತೆ ಅಂತ ಕುಮಾರ ಎಸ್ದ. ಪೂಜೆ ತಕಂಡ ಕಬ್ಣ, ತಿಪ್ಪೆಗೆ ಬೀಳ್ಬಾರ್ದು ಅಂತ ನಾನೇ ಮಡಿಕಂಡಿದ್ದೆ.”

“ಸವೆದಿದೆ ಅಂತ ಅವನಿಗೆ ಹೇಗೆ ಗೊತ್ತಾಯ್ತು?”

“ಎಲ್ಡು ಸುತ್ತು ಓಯ್ತು, ಆಮ್ಯಾಕೆ ಅಳ್ಳಾಡ್ಲೇ ಇಲ್ಲ. ಅದ್ಕೇ.”

ತಿರುನಾರಾಯಣ ಸ್ಕ್ರೂವನ್ನು ಬೆಳಕಿಗೆ ಹಿಡಿದ. ಸವೆದ ಸ್ಕ್ರೂ ಸಡಿಲವಾಗುತ್ತದೆಯೇ ಹೊರತು ಅರ್ಧದಾರಿಯಲ್ಲಿ ಹಟ ಹಿಡಿದು ನಿಲ್ಲುವುದಿಲ್ಲ. ಸುತ್ತು ಸುತ್ತಿಗೂ ಕೆಂಪಗೆ ಏನೋ ಮೆತ್ತಿತ್ತು. ತುಕ್ಕು ಎಂದುಕೊಂಡು ಉಗುರಲ್ಲಿ ಕೆರೆದರೆ ಅರಗಿನಂತೆ ಚಕ್ಕೆಯೆದ್ದಿತು. ಮೂಸಿದ. ಹರಳೆಣ್ಣೆ.

“ಇದು ಕುಂಕುಮ ಅಲ್ವೇನಮ್ಮ!”

ಆಗ ಮಲ್ಲಿಗಮ್ಮ ಬಾಯಿಬಿಟ್ಟಳು. ಅವರ ಮನೆಯಲ್ಲಿ ಆಯುಧಪೂಜೆಯ ದಿನ ಕೋವಿಯನ್ನು ಇಡಿಯಾಗಿ ಪೂಜಿಸುವಂತಿಲ್ಲ. ನೇಗಿಲಿನ ಹಾಗೆ ಬಿಡಿಬಿಡಿಯಾಗಿ ಬಿಚ್ಚಿ, ಬಾಳೆಯೆಲೆಯ ಮೇಲೆ ಹರಡಿ, ಒಂದೊಂದಕ್ಕೂ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು ಇಡಬೇಕು. ಮಾವ ಹಾಕಿಕೊಟ್ಟ ಕ್ರಮ ಅದು.

“ನಮ್ಮನೇವ್ರು ಪೂಜೆ ಆಗ್ತಿದ್ದಂಗೇ ಎಲ್ಲಾನೂ ಸೀಮೆಎಣ್ಣೇಲಿ ಅದ್ದಿ ಒರೆಸ್ಬುಡೋರು. ನಂಗದು ಸೇರ್ತಿರ್ಲಿಲ್ಲ, ದ್ಯಾವ್ರ ಬೊಟ್ಟು ಅಳಿಸ್ತಾರಲ್ಲ ಅಂತ. ಹೋದ ಸಲದ ಪೂಜೇಗೆ ಅವ್ರಿರ್ಲಿಲ್ಲ. ಕುಮಾರ ಒರೆಸಾಕೆ ಬಟ್ಟೆ ತಂದ. ಮುಟ್ಟೀಯ ಕಣ್ಲಾ, ಅಂಗೇ ತೊಡಿಸು ಅಂದ್ಬುಟ್ಟೆ.” ಸ್ಕ್ರೂವಿನತ್ತ ನೋಡಿ, “ಅಂಗಾರೆ ಕೆಡಿಸ್ದೋಳು ನಾನೇ ಅನ್ನಿ,” ಎಂದಳು.

“ಅರ್ಧ ನೀವು, ಅರ್ಧ ಆ ಸ್ಪಾನರು.”

“ಇಷ್ಟ್ ದಿನ ಆ ಕುಮಾರನ್ನ ಬಾಯಿಗೆ ಬಂದಂಗೆ ಬೈದ್ನಲ್ಲ!”

ತಿರುನಾರಾಯಣ ಸ್ಕ್ರೂವನ್ನು ಸೀಮೆಎಣ್ಣೆಯ ಬಟ್ಟಲಲ್ಲಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಕೆಂಪು ಕರಗಿದಂತೆಲ್ಲ ಅಡಿಯಿಂದ ತ್ರೆಡ್ಡು ಮೇಲೆದ್ದಿತು. ಒಂದು ಹಲ್ಲೂ ಮುಕ್ಕಾಗಿರಲಿಲ್ಲ. ಅಳತೆ ಹೇಳಲು ಇನ್ನಾರೂ ಬೇಕಿರಲಿಲ್ಲ, ಸ್ಕ್ರೂವೇ ಹೇಳಿತು. ಮಲ್ಲಿಗಮ್ಮನ ಚೀಟಿಯನ್ನು ಪುಸ್ತಕದಲ್ಲಿ ಬರೆದುಕೊಂಡು, ಶುಕ್ರವಾರ ಮೊದಲ ಬಸ್ಸಿಗೇ ಬರಲು ಹೇಳಿ ಅವಳನ್ನು ಕಳಿಸಿದ.

ಗುರುವಾರವಿಡೀ ಲೇತಿನ ಮುಂದೆ ಕಳೆಯಿತು. ಮೊದಲ ಬುಶ್ ಕೂದಲೆಳೆಯಷ್ಟು ಹೆಚ್ಚು ತೆಳುವಾಗಿ, ಕೊರೆಯುವಾಗಲೇ ಸೀಳಿತು. ಮಿಲಿಟರಿಯಲ್ಲಿ ಕಲಿತ ಬೈಗುಳವೊಂದು ಬಾಯಿಗೆ ಬಂದು, ಎದುರಿನ ಗೋಡೆಯಲ್ಲಿದ್ದ ನರಸಿಂಹಸ್ವಾಮಿಯ ಪಟ ಕಂಡು ಒಳಗೇ ಉಳಿಯಿತು. ಎರಡನೆಯದನ್ನು ಆತುರಪಡದೆ ಕೊರೆದ. ಒಂದೆಳೆ ಉಕ್ಕು ತೆಗೆಯುವುದು, ನಿಲ್ಲಿಸುವುದು, ಹಳೆಯ ಸ್ಕ್ರೂ ತಿರುಗಿಸಿ ನೋಡುವುದು. ದೀಪ ಹಚ್ಚುವ ಹೊತ್ತಿಗೆ ಬುಶ್ ಕೋವಿಯ ಒಡಲಲ್ಲಿ ಕೂತಿತು.

ಶುಕ್ರವಾರ ಮಲ್ಲಿಗಮ್ಮ ಬಂದ ಮೇಲೆಯೇ ಸ್ಕ್ರೂ ತೊಡಿಸಿದ. ಎರಡು ಸುತ್ತು ಹೋಯಿತು. ಮಲ್ಲಿಗಮ್ಮ ಮೇಜಿನತ್ತ ಬಾಗಿದಳು. ಮೂರು, ನಾಲ್ಕು, ಐದು. ಕೊನೆಯ ಕಾಲು ಸುತ್ತಿನಲ್ಲಿ ಮಣಿಕಟ್ಟಿಗೆ ಭಾರ ಬಂತು, ಮರವೂ ಕಬ್ಬಿಣವೂ ಒಂದಾದವು.

“ಕಚ್ಕೊಂತು. ತಪಾಸಣೆಗೆ ಓಡಿ ಈಗ.”

ನಾಲ್ಕು ಗಂಟೆಗೆ ಅವಳು ಅಂಗಡಿಯ ಮೆಟ್ಟಿಲ ಬಳಿ ಮತ್ತೆ ಕಾಣಿಸಿಕೊಂಡಳು. ಗೋಣಿತಾಟಿನ ಗಂಟು ಹೆಗಲ ಮೇಲೇ ಇತ್ತು.

“ಅಲ್ಲಾಡ್ಸಿ ನೋಡಿದ್ರು ಅಯ್ನೋರೆ, ಕಿವೀಗಿಟ್ಕಂಡು ಕುಲುಕ್ಸಿದ್ರು. ಸ್ಕ್ರೂಡ್ರೈವರ್ ಆಕಿ ತಿರುವಿದ್ರೆ ಅದು ಜಪ್ಪಯ್ಯ ಅಂದ್ರೂ ಅಳ್ಳಾಡ್ಲಿಲ್ಲ. ಅದೇನೋ ಬರ್ಕೊಟ್ರು, ಓದಿ ಯೋಳಿ.”

ತಿರುನಾರಾಯಣ ಕನ್ನಡಕ ಹಾಕಿಕೊಂಡು ಓದಿದ. “ಸುಸ್ಥಿತಿಯಲ್ಲಿದೆ. ಲೈಸೆನ್ಸುದಾರರು, ಶ್ರೀಮತಿ ಮಲ್ಲಿಗಮ್ಮ.”

“ಇನ್ನೊಂದ್ಸಲ ಓದಿ.”

ಅವನು ಮತ್ತೆ ಓದಿದ. ಅವಳು ಕಾಗದವನ್ನು ಮಡಿಸಿ ರವಿಕೆಯೊಳಗೆ ಸೇರಿಸಿದಳು.

“ಕಾಫಿ ಕುಡ್ಕೊಂಡು ಹೋಗಿ ಅಮ್ಮ.”

“ನಾನ್ ಕಾಫಿ ಕುಡಿಯೋಗಂಟ ಹಂದಿ ಹೊಲದ ಬದಿನ್ ಮ್ಯಾಲೆ ಕೂತ್ಕಂಡ್ ಕಾಯ್ತವಾ?” ಎಂದವಳೇ ಕಟ್ಟಾಯದ ಬಸ್ಸಿಗೆ ಬಿರಬಿರನೆ ನಡೆದಳು.