ಹಿಂಗತ್ತಿನ ಸಿಕ್ಕು

ಅಕ್ಕ ಬಸ್ ಕಂಡಕ್ಟರ್. ಅವಳ ಓಣಿಯಲ್ಲಾಗಲಿ ಡಿಪೋದಲ್ಲಾಗಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ಸೀಟಿ ಅಕ್ಕ. ಅವಳು ಸೀಟಿ ಊದಿದರೆ ಬಸ್ಸು ನಿಲ್ಲುವುದಿರಲಿ, ಪಕ್ಕದಲ್ಲಿ ಹೋಗುತ್ತಿದ್ದ ಸೈಕಲ್ಲುಗಳೂ ಗಕ್ಕನೆ ನಿಲ್ಲುತ್ತಿದ್ದವು. ಸೊಂಟ ದಾಟಿ ಇಳಿಯುವ ಅವಳ ಜಡೆಯನ್ನು ಒಂದು ಮುಷ್ಟಿಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ನೂಕುನುಗ್ಗಲಿನಲ್ಲಿ ಯಾರಾದರೂ ಅದನ್ನು ಎಳೆದರೆ ಟಿಕೆಟ್ ಹರಿಯುವುದನ್ನು ಬಿಟ್ಟು ಅವರ ಜನ್ಮ ಜಾಲಾಡುತ್ತಿದ್ದಳು.

ಒಂದು ದಿನ ತಿರುವಿನಲ್ಲಿ ಬಸ್ಸಿಗೆ ನಾಯಿ ಅಡ್ಡ ಬಂತು. ಡ್ರೈವರ್ ಒಮ್ಮೆಗೇ ಬ್ರೇಕ್ ಒತ್ತಿದ. ಬಾಗಿಲ ಬಳಿ ನಿಂತಿದ್ದ ಅಕ್ಕ ಮೆಟ್ಟಿಲ ಮೇಲೆ ತಲೆಕೆಳಗಾಗಿ ಬಿದ್ದಳು. ಕತ್ತಿನ ಒಂದು ಮೂಳೆ ಬಿರುಕು ಬಿಟ್ಟಿತು. ಆಪರೇಷನ್ ಬೇಕಾಗಿಲ್ಲ, ಆದರೆ ಮೂಳೆ ಕೂಡುವವರೆಗೆ ಗಟ್ಟಿ ಕಾಲರ್ ಹಾಕಿ ಮಲಗಿಸಿರಬೇಕು, ಕತ್ತು ಎಳ್ಳಷ್ಟೂ ಹೊರಳಬಾರದು ಎಂದರು ಡಾಕ್ಟರು. ಹೊರಳಿದರೆ ಏನಾಗುತ್ತದೆ ಎಂದು ತಂಗಿ ಕೇಳಿದಳು. ಡಾಕ್ಟರು ಅಕ್ಕನಿಗೆ ಕೇಳಿಸದ ಹಾಗೆ ಅವಳನ್ನು ಆಚೆ ಕರೆದುಕೊಂಡು ಹೋಗಿ ಹೇಳಿದರು. ಅಂದಿನಿಂದ ಆ ಕತ್ತಿಗೆ ಕೈ ಹಾಕಲು ತಂಗಿಗೆ ಭಯ.

ಅಕ್ಕನಿಗೆ ತಂಗಿಯನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಮ್ಮ ತೀರಿಕೊಂಡಾಗ ತಂಗಿ ಇನ್ನೂ ಹಾಲುಹಲ್ಲಿನ ಮಗು. ಅಕ್ಕನೇ ಸಾಕಿ, ಓದಿಸಿ, ಮದುವೆ ಮಾಡಿದಳು. ದಿನಾ ಬೆಳಿಗ್ಗೆ ಅವಳ ತಲೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಕಣ್ಣಲ್ಲಿ ನೀರು ಬರುವಂತೆ ಬಾಚುತ್ತಿದ್ದಳು. ಕಾಲೇಜಿಗೆ ಸೇರಿದ ವಾರವೇ ತಂಗಿ ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡು ಬಂದು ನಿಂತಿದ್ದಳು. ಅಕ್ಕ ಒಂದು ತಿಂಗಳು ಮಾತು ಬಿಟ್ಟಿದ್ದಳು. ಆಮೇಲೆ ತಂಗಿ ಕೂದಲು ಬೆಳೆಸಲೇ ಇಲ್ಲ, ಉದ್ದ ಕೂದಲನ್ನು ಹೇಗೆ ನೋಡಿಕೊಳ್ಳಬೇಕೆಂದು ಕಲಿಯಲೂ ಇಲ್ಲ.

ಈಗ ಆ ಅಕ್ಕ ತಂಗಿಯ ಮನೆಯ ಹೊರಕೋಣೆಯ ಮಂಚದ ಮೇಲೆ ಸೂರು ನೋಡುತ್ತ ಮಲಗಿದ್ದಳು. ತಂಗಿಗೆ ನೀರು ಸರಬರಾಜು ಕಚೇರಿಯಲ್ಲಿ ಫೋನಿನ ಮೇಲೆ ದೂರು ಕೇಳುವ ಕೆಲಸ. ನಲ್ಲಿ ಬರಲಿಲ್ಲ ಎಂದು ಉರಿದುಬೀಳುವವರನ್ನು ದಿನವಿಡೀ ಸಮಾಧಾನ ಮಾಡಿ ಬಂದು, ಮನೆಯಲ್ಲಿ ಅಕ್ಕನ ಬಾಯಿಗೆ ಸಿಗುತ್ತಿದ್ದಳು.

ಆಸ್ಪತ್ರೆಯಿಂದ ಮನೆಗೆ ಬಂದು ನೋಡುವ ನರ್ಸು ಮೊದಲ ದಿನವೇ ಎಲ್ಲ ಹೇಳಿಕೊಟ್ಟಿದ್ದರು. ದಿನಕ್ಕೊಮ್ಮೆ ಒಬ್ಬರು ತಲೆಯನ್ನು ಎರಡೂ ಕೈಯಿಂದ ಅಲುಗದಂತೆ ಹಿಡಿಯಬೇಕು, ಇನ್ನೊಬ್ಬರು ಕಾಲರ್ ಬಿಚ್ಚಿ ಕತ್ತು ಒರೆಸಿ ಒಳಗಿನ ಮೆತ್ತೆ ಬದಲಿಸಬೇಕು.

"ಕೂದಲನ್ನ ಕಾಲರ್ ಒಳಗೆ ಸೇರಿಸಬೇಡಿ," ಎಂದಿದ್ದರು. "ಎರಡು ಭಾಗ ಮಾಡಿ, ಕಿವಿ ಮೇಲಕ್ಕೆ ಎತ್ತಿ ಜಡೆ ಹಾಕಿ. ಹಿಂಗತ್ತಲ್ಲಿ ಬೆವರು, ಉಜ್ಜಾಟ. ಅಲ್ಲಿ ಸಿಕ್ಕಾಯ್ತು ಅಂದ್ರೆ ಬೇಗ ಜಟೆ ಕಟ್ಟುತ್ತೆ."

ಮರುದಿನ ತಂಗಿಯ ಗಂಡ ತಲೆ ಹಿಡಿದ. ಅವನು ಎಲೆಕ್ಟ್ರಿಷಿಯನ್, ಕಂಬ ಹತ್ತಿ ತಂತಿ ಹಿಡಿಯುವವನು. ಆದರೂ ಆ ತಲೆ ಹಿಡಿದಾಗ ಅವನ ಕೈ ಥರಥರ ನಡುಗಿತು. ಅಕ್ಕ ನರಳಿದಳು. ತಂಗಿ ಹಿಂಗತ್ತಿನ ಕೂದಲು ಮೇಲೆತ್ತದೆಯೇ ಗಡಿಬಿಡಿಯಲ್ಲಿ ಕಾಲರ್ ಮುಚ್ಚಿದಳು. ಅವನು ಬೆವತುಹೋಗಿ, ಕಾಲರ್ ಮುಚ್ಚಿದ್ದೇ ತಡ, ಬಚ್ಚಲಿಗೆ ಹೋಗಿ ನಲ್ಲಿಯ ಕೆಳಗೆ ತಲೆಯಿಟ್ಟ.

"ನಾಳೆಯಿಂದ ಇದು ಬೇಡ," ಎಂದಳು ಅಕ್ಕ. "ನನಗೆ ಅಲ್ಲಿ ಏನೂ ಆಗ್ತಿಲ್ಲ. ಸುಮ್ಮನೆ ಯಾಕೆ ಬಿಚ್ಚೋದು?"

ತಂಗಿ ಒಪ್ಪಿಕೊಂಡಳು. ಒಪ್ಪಿಕೊಂಡಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನರ್ಸಿನ ಮಗಳಿಗೆ ಹೆರಿಗೆಯಾಗಿ ಅವರೂ ರಜೆಯ ಮೇಲೆ ಹೋದರು. ಅಕ್ಕನ ಮುಖ ಒರೆಸಿ, ಮೈ ಒರೆಸಿ, ಮೇಲೆ ಕಾಣುವ ಕೂದಲಿಗಷ್ಟೇ ಹಣಿಗೆ ಆಡಿಸಿ ತಂಗಿ ದಿನ ದೂಡಿದಳು.

ರಜಾದಿನವೊಂದರಲ್ಲಿ ಗಂಜಿ ಕುಡಿಸಲು ಬಾಗಿದಾಗ ವಾಸನೆ ಬಂತು. ಒದ್ದೆ ಬಟ್ಟೆಯನ್ನು ಮೂಲೆಯಲ್ಲಿ ಮರೆತರೆ ಬರುವಂಥ ವಾಸನೆ, ಅದರೊಳಗೆ ಇನ್ನೇನೋ. ತಂಗಿ ಚಮಚ ಕೆಳಗಿಟ್ಟಳು. ನೆಲಕ್ಕೆ ಮಂಡಿಯೂರಿ, ಮೊಬೈಲಿನ ಬೆಳಕು ಬಿಟ್ಟು ಕಾಲರಿನ ಹಿಂಬದಿಯ ಸಂದಿಯಲ್ಲಿ ನೋಡಿದಳು. ಕೂದಲು ಕೂದಲಾಗಿ ಉಳಿದಿರಲಿಲ್ಲ. ಕಂಬಳಿಯ ತುಂಡಿನ ಹಾಗೆ ಒತ್ತೊತ್ತಾಗಿ ಹೆಪ್ಪುಗಟ್ಟಿ, ಕಾಲರಿಗೂ ಚರ್ಮಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಅದರ ಅಂಚಿನಲ್ಲಿ ಚರ್ಮ ಕೆಂಪಗೆ ಒದ್ದೆಯಾಗಿತ್ತು.

"ಅಕ್ಕಾ, ಉರೀತಿತ್ತಾ ಇಲ್ಲಿ?"

ಅಕ್ಕ ಕಣ್ಣನ್ನು ಸೂರಿನ ಮೇಲೆಯೇ ನೆಟ್ಟಳು.

"ಎಷ್ಟು ದಿನದಿಂದ?"

"ಗಂಜಿ ಆರುತ್ತೆ, ಕುಡಿಸು," ಎಂದಳು ಅಕ್ಕ.

ತಂಗಿ ಫೋನ್ ಮಾಡಿದಳು. ಅದೃಷ್ಟಕ್ಕೆ ನರ್ಸು ಹಿಂದಿನ ದಿನವೇ ರಜೆ ಮುಗಿಸಿ ಮರಳಿದ್ದರು, ಮಧ್ಯಾಹ್ನದ ಹೊತ್ತಿಗೆ ಬಂದರು. ಬಂದವರೇ ಬೆಳಕು ಬಿಟ್ಟು ನೋಡಿ ತುಟಿ ಬಿಗಿದುಕೊಂಡರು. ತಂಗಿಗೆ ಬೈಗುಳ ಬೀಳುತ್ತದೆ ಎನಿಸಿತ್ತು. ಅವರು ಬೈಯದೆ ಇದ್ದದ್ದಕ್ಕೇ ಹೆಚ್ಚು ಹೆದರಿಕೆಯಾಯಿತು.

"ಚರ್ಮ ಒಡೆದಿದೆ. ಈ ಗಂಟು ಒತ್ತುತ್ತಾ ಇದ್ರೆ ಹುಣ್ಣು ಒಳಗೆ ಇಳಿಯುತ್ತೆ. ಇವತ್ತೇ ತೆಗೀಬೇಕು. ಕತ್ತರಿಸಿಬಿಟ್ರೆ ಬೇಗ ಮುಗಿಯುತ್ತೆ."

"ಕತ್ತರಿ ಮುಟ್ಟಿಸಿದ್ರೆ ನಾನೇ ಈ ಕಾಲರ್ ಕಿತ್ತು ಬಿಸಾಡ್ತೀನಿ," ಎಂದಳು ಅಕ್ಕ. ದನಿ ಏರಿಸಲಿಲ್ಲ. ಅವಳ ಬಲಗೈ ಆಗಲೇ ಗದ್ದದ ಕೆಳಗಿನ ಪಟ್ಟಿಯನ್ನು ಹಿಡಿದಿತ್ತು. ತಂಗಿ, ನರ್ಸು ಇಬ್ಬರೂ ಇದ್ದಲ್ಲೇ ನಿಂತರು. ಅವಳು ಹೇಳಿದ್ದನ್ನು ಮಾಡುವವಳು.

"ಕೈ ತೆಗೀರಿ ಅಮ್ಮ," ಎಂದರು ನರ್ಸು ಮೆಲ್ಲಗೆ. "ಬಿಡಿಸಿ ನೋಡೋಣ. ಆದರೆ ಒಂದು ಮಾತು. ನಾನು ತಲೆ ಹಿಡೀತೀನಿ. ನನ್ನ ಕೈ ತಡೆಯೋ ತನಕ ಮಾತ್ರ. ಸೋತೆ ಅಂದ ಮೇಲೆ ಯಾರೂ ವಾದ ಮಾಡಬಾರದು."

ಅಕ್ಕನ ಕೈ ನಿಧಾನವಾಗಿ ಕೆಳಗಿಳಿಯಿತು.

ತಂಗಿಯ ಗಂಡನನ್ನು ಕರೆದರು. ಅವನ ಮುಖ ಬಿಳಿಚಿತ್ತು, ಆದರೆ ಬಂದು ನಿಂತ. ನರ್ಸು ಮಂಚದ ತಲೆಯ ಕಡೆ ನಿಂತು ತಲೆಯ ಎರಡೂ ಬದಿಯನ್ನು ಅಂಗೈಗಳಲ್ಲಿ ಹಿಡಿದರು. ಅವನು ಭುಜ, ಸೊಂಟ ಹಿಡಿದ. ಅವರು ಹೇಳಿದ ಮಾತಿಗೆ ಎಲ್ಲರೂ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದಂತೆ, ಅಕ್ಕನನ್ನು ಪಕ್ಕಕ್ಕೆ ಹೊರಳಿಸಿದರು. ತಂಗಿ ಕಾಲರಿನ ಹಿಂಭಾಗವನ್ನು ಬಿಡಿಸಿ ತೆಗೆದಳು. ಅಂಗೈ ಅಗಲದ ಜಟೆ. ಬರಿಯ ಕತ್ತು. ಅದನ್ನು ಹಿಡಿದ ಎರಡು ಕೈ ಬಿಟ್ಟರೆ ಇನ್ನೇನೂ ಆಧಾರವಿಲ್ಲ.

"ಎಣ್ಣೆ ಹಾಕಿ. ಹುಣ್ಣಿಗೆ ತಾಗದ ಹಾಗೆ, ಗಂಟಿಗೆ ಮಾತ್ರ. ಬುಡ ಒಂದು ಕೈಲಿ ಹಿಡ್ಕೊಳ್ಳಿ, ತುದಿಯಿಂದ ಬಿಡಿಸ್ತಾ ಬನ್ನಿ. ನೀವು ಎಳೆದದ್ದು ತಲೆಗೆ ತಿಳೀಬಾರದು."

ತಂಗಿ ಎಣ್ಣೆ ಹಚ್ಚಿ, ನೆನೆಯಬಿಟ್ಟು, ಅಂಚಿನಿಂದ ಒಂದೊಂದೇ ಎಳೆ ಹಿಂಜತೊಡಗಿದಳು. ಹಣಿಗೆ ನಾಟುತ್ತಲೇ ಇರಲಿಲ್ಲ. ಬೆರಳಿನ ತುದಿ, ಕೆಲವೊಮ್ಮೆ ಹಣಿಗೆಯ ಕೊನೆಯ ಹಲ್ಲು. ಒಂದು ಎಳೆ ಸಡಿಲವಾದರೆ ಅದರ ಹಿಂದೆ ಇನ್ನೊಂದು ಬಿಗಿಯುತ್ತಿತ್ತು. ಬೆರಳು ಜಾರುತ್ತಿದ್ದವು. ಬುಡ ಹಿಡಿದ ಎಡಗೈ ಜೋಮು ಹಿಡಿಯುತ್ತಿತ್ತು.

"ಏನೇ, ಮುಂದೆ ಹೋಗು, ಮುಂದೆ ಹೋಗು, ಒಳಗೆ ಜಾಗ ಇದೆ," ಎಂದಳು ಅಕ್ಕ ಗೋಡೆಯ ಕಡೆ ಮುಖವಿಟ್ಟುಕೊಂಡೇ.

ಗಂಡ ನಕ್ಕುಬಿಟ್ಟ. "ನಗಬೇಡಿ!" ಎಂದರು ನರ್ಸು.

ಜಟೆಯ ಒಂದು ಬದಿ ಬಿಟ್ಟುಕೊಂಡಿತು. ಇನ್ನೊಂದು ಬದಿಯೂ ತುಸು ತುಸುವಾಗಿ ಬಿಟ್ಟುಕೊಂಡಿತು. ಬಿಡಿಸಿದ ಕೂದಲನ್ನು ತಂಗಿ ಮೇಲಕ್ಕೆತ್ತಿ ಪಿನ್ನು ಸಿಕ್ಕಿಸುತ್ತ ಹೋದಳು. ಮಧ್ಯದಲ್ಲಿ, ಸರಿಯಾಗಿ ಹುಣ್ಣಿನ ಮೇಲೆ, ನಿಂಬೆಹಣ್ಣಿನ ಗಾತ್ರದ ಗಂಟು ಉಳಿಯಿತು. ಕಲ್ಲಿನ ಹಾಗಿತ್ತು. ನರ್ಸಿನ ಹಣೆಯಿಂದ ಬೆವರು ಮೂಗಿನ ತುದಿಗಿಳಿದು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲು ಅವರಿಗೆ ಕೈಯಿರಲಿಲ್ಲ.

ಆಗ ಗಂಡನ ಜೇಬಿನಲ್ಲಿ ಫೋನ್ ಗುಂಯ್ ಎಂದಿತು. ಅವನು ಬೆಚ್ಚಿಬಿದ್ದ. ಅಕ್ಕನ ಭುಜ ಒಂದು ನೂಲಿನಷ್ಟು ಸರಿಯಿತು.

"ಬೆರಳು," ಎಂದಳು ಅಕ್ಕ. ದನಿ ಬೇರೆಯಾಗಿತ್ತು. "ಎಡಗೈ ಬೆರಳು ಜುಮ್ ಅಂತಿದೆ."

"ನಿಲ್ಲಿಸಿ! ಯಾರೂ ಅಲುಗಬೇಡಿ." ನರ್ಸು ತಲೆಯನ್ನು ಕಂಡೂ ಕಾಣದಷ್ಟು ಹಿಂದಕ್ಕೆ ತಂದರು. "ಅಮ್ಮ, ಬೆರಳು ಮಡಚಿ. ತೆಗೀರಿ. ಮತ್ತೆ. ಕಾಲು? ಹೆಬ್ಬೆರಳು ಆಡಿಸಿ."

ತಂಗಿ ಆ ಎಡಗೈಯನ್ನೇ ನೋಡುತ್ತ ನಿಂತಳು. ಬೆರಳುಗಳು ಒಂದು ಕ್ಷಣ ಸುಮ್ಮನಿದ್ದವು. ಆಮೇಲೆ ಮೆಲ್ಲಗೆ ಮಡಚಿಕೊಂಡವು, ಬಿಚ್ಚಿಕೊಂಡವು.

"ಜುಮ್ಮು ಹೋಯ್ತು. ಈಗ ಇಲ್ಲ," ಎಂದಳು ಅಕ್ಕ. "ಇನ್ನೊಂದು ಚೂರು ತಾನೆ? ಬಿಡಿಸೇ. ಆಗುತ್ತೆ."

"ನನ್ನ ಕೈ ಸೋತಿದೆ," ಎಂದರು ನರ್ಸು.

ತಂಗಿ ನರ್ಸಿನ ತಟ್ಟೆಯಿಂದ ಕತ್ತರಿ ತೆಗೆದುಕೊಂಡಳು. ಲೋಹ ಲೋಹಕ್ಕೆ ತಾಗಿದ ಸದ್ದಿಗೆ ಅಕ್ಕನ ಬೆನ್ನು ಬಿಗಿಯಿತು.

"ಬೇಡ. ಬೇಡ ಅಂದೆ. ನನ್ನ ಮಾತು ಕೇಳೇ."

"ಅಕ್ಕಾ," ಎಂದಳು ತಂಗಿ. ಕಚೇರಿಯಲ್ಲಿ ಎಷ್ಟೋ ಜನರ ಕೋಪ ಇಳಿಸಿದ ದನಿ ಈಗ ಅವಳಿಗೆ ಕೈಕೊಟ್ಟಿತ್ತು. "ನನಗೆ ನಿನ್ನ ಕೈ ಬೇಕು, ಕಾಲು ಬೇಕು. ಬೈಯೋದಿದ್ರೆ ಎದ್ದು ನಿಂತು ಬೈ."

ಕತ್ತರಿಯ ಬಾಯನ್ನು ಚರ್ಮಕ್ಕೂ ಗಂಟಿಗೂ ನಡುವೆ ಮಲಗಿಸಿ, ಕಚ್ಚಿ ಕಚ್ಚಿ ಕತ್ತರಿಸಿದಳು. ಅವಳ ಕೈ ನಡುಗಲಿಲ್ಲ. ಗಂಟು ಅವಳ ಅಂಗೈಗೆ ಬಿತ್ತು. ಅಕ್ಕ ಸದ್ದಿಲ್ಲದೆ ಅಳುತ್ತಿದ್ದಳು. ಅಳುವಾಗಲೂ ತಲೆ ಅಲುಗದಂತೆ ನೋಡಿಕೊಳ್ಳುತ್ತಿದ್ದಳು. ಹುಣ್ಣು ತೊಳೆದು, ಮದ್ದು ಹಚ್ಚಿ, ಒಣಗಿಸಿ, ಹೊಸ ಮೆತ್ತೆಯಿಟ್ಟು ಕಾಲರ್ ಮುಚ್ಚಿದರು. ನರ್ಸು ಗೋಡೆಗೊರಗಿ ಕುಳಿತು ಕೈಗಳನ್ನು ತೊಡೆಯ ಮೇಲೆ ಬಿಟ್ಟುಕೊಂಡರು. ಬೆರಳುಗಳು ಅವರ ಮಾತು ಕೇಳುತ್ತಿರಲಿಲ್ಲ. ನೀರಿನ ಲೋಟವನ್ನು ತಂಗಿಯೇ ಅವರ ಬಾಯಿಗೆ ಹಿಡಿದಳು.

ಅಕ್ಕ ಮಾತು ಬಿಟ್ಟಳು. ತಂಗಿ ಪಕ್ಕದಲ್ಲೇ ನಿಂತಿದ್ದರೂ, "ನಿಮ್ಮ ಹೆಂಡತಿಗೆ ಹೇಳಿ, ನನಗೆ ನೀರು ಬೇಕು," ಎಂದು ಅವಳ ಗಂಡನಿಗೆ ಹೇಳುತ್ತಿದ್ದಳು. "ಅತ್ತಿಗೆಗೆ ನೀರು ಬೇಕಂತೆ," ಎಂದು ಅವನು ಹೆಂಡತಿಗೆ ಒಪ್ಪಿಸುತ್ತಿದ್ದ. ತಂಗಿ ಜಗ್ಗಲಿಲ್ಲ. ಹೆದರಿಕೆ ಹೋಗಿರಲಿಲ್ಲ, ಆದರೆ ಹೆದರಿಕೊಂಡು ದೂರ ಉಳಿದರೆ ಏನಾಗುತ್ತದೆಂದು ಕಂಡಾಗಿತ್ತು. ಕಚೇರಿಗೆ ಹೊರಡುವ ಮುಂಚೆ ದಿನವೂ ಕಾಲರ್ ಬಿಚ್ಚುವುದೇ. ನರ್ಸು ನಿಂತು ಕಲಿಸಿದ ಮೇಲೆ ಗಂಡನ ಕೈಯೂ ಗಟ್ಟಿಯಾಯಿತು. ಫೋನನ್ನು ಮಾತ್ರ ಅಡಿಗೆಮನೆಯಲ್ಲಿಟ್ಟು ಬರುತ್ತಿದ್ದ. ಹಿಂಗತ್ತಿನ ಕೂದಲನ್ನು ಮೊದಲು ಬೆರಳಿಂದ ಬಿಡಿಸಿ, ಆಮೇಲೆ ಅಗಲ ಹಲ್ಲಿನ ಹಣಿಗೆ. ಬೆವರು ಒರೆಸಿ ಬುಡ ಪೂರ್ತಿ ಒಣಗಿದ ಮೇಲೆಯೇ ಮೆತ್ತೆ. ನಡುವೆ ಬೈತಲೆ ತೆಗೆದು ಎರಡು ಸಡಿಲ ಜಡೆ ಹೆಣೆದು ಕಿವಿಯ ಮೇಲಿಂದ ದಿಂಬಿಗೆ ಎತ್ತಿಡುವುದು. ಉಜ್ಜಾಟವಾಗದಿರಲೆಂದು ದಿಂಬಿನ ಮೇಲೆ ತನ್ನ ಹಳೆಯ ರೇಷ್ಮೆ ದುಪ್ಪಟ್ಟಾ ಹಾಸಿದಳು.

ಹೀಗೆ ಜಡೆ ಹಾಕುವಾಗ ಒಂದು ಬೆಳಿಗ್ಗೆ ಅಕ್ಕ ಸೂರಿಗೆ ಹೇಳುವಂತೆ ಹೇಳಿದಳು:

"ಬಿದ್ದಾಗ ನನಗೆ ಮೈಯೇ ಗೊತ್ತಾಗ್ತಿರಲಿಲ್ಲ. ಕೈ ಎಲ್ಲಿದೆ, ಕಾಲು ಎಲ್ಲಿದೆ, ಒಂದೂ ಇಲ್ಲ. ಯಾರೋ ನನ್ನ ಜಡೆ ತುಳ್ಕೊಂಡು ನಿಂತಿದ್ರು. ಅದು ಎಳೆಯೋದು ಮಾತ್ರ ಗೊತ್ತಾಗ್ತಿತ್ತು. ಇದೊಂದು ಇದೆ, ಹಾಗಾದ್ರೆ ನಾನಿದ್ದೀನಿ ಅಂತ ಅದನ್ನೇ ಹಿಡ್ಕೊಂಡಿದ್ದೆ. ಆಂಬುಲೆನ್ಸ್‌ನಲ್ಲಿ ಆಮೇಲೆ ಒಂದೊಂದಾಗಿ ಬೆರಳು ಬಂತು."

ತಂಗಿಯ ಕೈ ನಿಂತಿತು.

"ಉರಿ ಗೊತ್ತಾಗ್ತಿತ್ತು," ಎಂದಳು ಅಕ್ಕ. "ಹೇಳಿದ್ರೆ ಕತ್ತರಿಸ್ತೀರಿ ಅಂತ ಸುಮ್ಮನಿದ್ದೆ. ನನ್ನದೂ ತಪ್ಪಿದೆ ಬಿಡು."

"ನಾನು ಬಿಚ್ಚಿ ನೋಡಬೇಕಿತ್ತು. ಹೆದರಿಕೊಂಡೆ."

"ನೀನು ಯಾವಾಗ್ಲೂ ಹೆದರುಪುಕ್ಕಲಿಯೇ. ಆ ಎಡಗಡೆ ಜಡೆ ಯಾಕೆ ಇಷ್ಟು ಸಡಿಲ? ಮಧ್ಯಾಹ್ನಕ್ಕೆ ಬಿಚ್ಚಿಹೋಗುತ್ತೆ. ಬಿಗಿ ಮಾಡು."

ತಂಗಿ ಮೂಗು ಒರೆಸಿಕೊಂಡು ಬಿಗಿ ಮಾಡಿದಳು.

ಹುಣ್ಣು ಮಾಯಿತು. ಕತ್ತರಿಸಿದ ಜಾಗದಲ್ಲಿ ಬ್ರಷ್ಷಿನ ಹಾಗೆ ಕುರುಚಲು ಬೆಳೆಯಿತು. ಮೂಳೆ ಕೂಡಿದೆ ಎಂದು ಎಕ್ಸ್‌ರೇ ನೋಡಿದ ಡಾಕ್ಟರು ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಕಾಲರ್ ತೆಗೆದರು. ನಿಧಾನವಾಗಿ ಎಡಕ್ಕೆ ತಿರುಗಿಸಿ, ಎಷ್ಟಾಗುತ್ತೋ ಅಷ್ಟೇ, ಎಂದರು. ತಂಗಿ ಎಡಗಡೆಯೇ ನಿಂತಿದ್ದಳು. ಇಷ್ಟು ದಿನ ಅಕ್ಕ ಅವಳನ್ನು ಕಂಡದ್ದೆಲ್ಲ ಮಲಗಿದಲ್ಲಿಂದ, ಮೇಲೆ ಬಾಗಿದ ಮುಖವಾಗಿ ಮಾತ್ರ. ಕತ್ತು ಹೆದರುತ್ತ ಹೆದರುತ್ತ ತಿರುಗಿತು. ಅಕ್ಕ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಇದೇನೇ ಇಷ್ಟು ಸೊರಗಿದ್ದೀಯ?" ಎಂದಳು. "ಊಟ ಮಾಡ್ತಿದ್ಯೋ ಇಲ್ವೋ?"